ಮಗುವಿಗೆ ಕೈಸನ್ನೆ ಕಲಿಸಿದರೆ ಮಾತು ತಡವಾಗುತ್ತದಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಮಗಳಿಗೆ ಈಗ ಹತ್ತು ತಿಂಗಳು. ಡೇಕೇರ್‌ನಲ್ಲಿ ‘ಹಾಲು’, ‘ಇನ್ನೂ ಬೇಕು’, ‘ಮುಗೀತು’ ಅನ್ನುವುದಕ್ಕೆ ಕೈಸನ್ನೆ ಹೇಳಿಕೊಡುತ್ತಾರೆ. ಮನೆಯಲ್ಲೂ ಮಾಡಿಸಿ ಎಂದು ಒಂದು ಚಾರ್ಟ್ ಕೊಟ್ಟಿದ್ದಾರೆ. ಅಮ್ಮ ದಾವಣಗೆರೆಯಿಂದ ಆರು ತಿಂಗಳಿಗೆ ಬಂದಿದ್ದಾರೆ. ‘ಚೆನ್ನಾಗಿ ಕಿವಿ ಕೇಳೋ ಮಗೂಗೆ ಯಾಕೆ ಮೂಗರ ಸನ್ನೆ? ಹಿಂಗೆ ಮಾಡಿದ್ರೆ ಬಾಯೇ ಬಿಡಲ್ಲ ನೋಡು’ ಅಂತಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ಸನ್ನೆ ಕಲಿತ ಮಕ್ಕಳಿಗೆ ಬುದ್ಧಿ ಜಾಸ್ತಿ, ಮಾತೂ ಬೇಗ ಅಂತ ಬರೆದಿದೆ. ಯಾರ ಮಾತು ನಂಬಲಿ? ಮನೆಯಲ್ಲಿ ಕನ್ನಡ, ಅಲ್ಲಿ ಇಂಗ್ಲಿಷ್, ಇದರ ಮೇಲೆ ಸನ್ನೆ ಬೇರೆ. ಮಗುವಿಗೆ ಗೊಂದಲ ಆಗಲ್ವಾ?

ಉತ್ತರ: ಮೊದಲು ನಿಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಅವರು ಬಂದ ಮೊದಲ ವಾರದಲ್ಲೇ ಮೊಮ್ಮಗಳಿಗೆ ‘ಜೇಜಿಗೆ ಮುಗಿ’ ಹೇಳಿಕೊಟ್ಟಿರುತ್ತಾರೆ. ಅಳಿಯಂದಿರು ಕೆಲಸಕ್ಕೆ ಹೊರಟಾಗ ಬಾಗಿಲ ಹತ್ತಿರ ಎತ್ತಿಕೊಂಡು ನಿಂತು ‘ಅಪ್ಪಂಗೆ ಟಾಟಾ ಮಾಡು’ ಅಂದಿರುತ್ತಾರೆ. ತೊಡೆ ಮೇಲೆ ಕೂರಿಸಿಕೊಂಡು ಕೈ ತಿರುಗಿಸಿ ತಾರಮ್ಮಯ್ಯ ಆಡಿಸಿರುತ್ತಾರೆ. ಬಟ್ಟಲಲ್ಲಿ ಅನ್ನ ಮುಗಿದಾಗ ಎರಡೂ ಅಂಗೈ ತೋರಿಸಿ ‘ಖಾಲೀ…’ ಅಂತ ರಾಗ ಎಳೆದಿರುತ್ತಾರೆ. ಇವೆಲ್ಲ ಸನ್ನೆಗಳೇ ಅಲ್ವಾ? ಡೇಕೇರ್‌ನವರು ಚಾರ್ಟ್ ಹಾಕಿ ಮಾಡುವುದನ್ನು ನಿಮ್ಮ ಅಮ್ಮ ಚಾರ್ಟ್ ಇಲ್ಲದೆ ಮಾಡುತ್ತಿದ್ದಾರೆ, ಅಷ್ಟೇ. ಟಾಟಾ ಮಾಡಲು ಕಲಿತ ಕಾರಣಕ್ಕೆ ‘ಹೋಗ್ಬರ್ತೀನಿ’ ಅನ್ನುವುದನ್ನು ಕಲಿಯದೇ ಹೋದ ಮಗುವನ್ನು, ಮಾತು, ಕಿವಿಯ ತೊಂದರೆ ಇರುವ ಮಕ್ಕಳನ್ನು ನೋಡುವ ನಾನು ಇಪ್ಪತ್ತು ವರ್ಷದಲ್ಲಿ ಒಂದೂ ನೋಡಿಲ್ಲ.

ಹಾಗಾಗಿ ನೇರ ಉತ್ತರ ಇಷ್ಟು. ಸನ್ನೆಯಿಂದ ಮಾತು ತಡವಾಗುವುದಿಲ್ಲ. ಸನ್ನೆಯಿಂದ ಬುದ್ಧಿ ಹೆಚ್ಚುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಅಮ್ಮನ ಭಯವೂ ಅತಿಯಾಯಿತು, ಇಂಟರ್ನೆಟ್ ತೋರಿಸುವ ಆಸೆಯೂ ಅತಿಯಾಯಿತು. ಆದರೆ ಲಾಭವೇ ಇಲ್ಲ ಅಂತಲ್ಲ. ಇದೆ, ಮತ್ತು ಅದು ಮಗಳಿಗಿಂತ ಹೆಚ್ಚಾಗಿ ನಿಮಗೆ ಸಿಗುತ್ತದೆ.

ಈ ಬುದ್ಧಿಯ ಕಥೆ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. ಅದು ಶುರುವಾದದ್ದು ನಿಮ್ಮ ಕ್ಯಾಲಿಫೋರ್ನಿಯಾದಲ್ಲೇ. ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಲಿಂಡಾ ಅಕ್ರೆಡೊಲೊ ಎಂಬ ಮನಶ್ಶಾಸ್ತ್ರಜ್ಞೆ ಇದ್ದರು. ಅವರ ಮಗಳಿಗೆ ಸುಮಾರು ಒಂದು ವರ್ಷ. ಹೂವು ಕಂಡಾಗೆಲ್ಲ ಮೂಗು ಮುದುರಿ ಮೂಸಿದ ಹಾಗೆ ಸದ್ದು ಮಾಡುತ್ತಿದ್ದಳು. ಜೇಡ ಕಂಡರೆ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು. ಯಾರೂ ಕುಳಿತು ಕಲಿಸಿದ್ದಲ್ಲ. ಬಾಯಲ್ಲಿ ಪದ ಇಲ್ಲ, ಆದರೆ ತಲೆಯಲ್ಲಿ ‘ಹೂವು’ ಇದೆ, ‘ಜೇಡ’ ಇದೆ. ಅದನ್ನು ಹೇಳುವುದಕ್ಕೆ ಮಗು ತಾನೇ ದಾರಿ ಮಾಡಿಕೊಂಡಿತ್ತು. ಅಕ್ರೆಡೊಲೊ ತಮ್ಮ ಸಹೋದ್ಯೋಗಿ ಸುಸಾನ್ ಗುಡ್ವಿನ್ ಜೊತೆ ಸೇರಿ 1985ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಆಮೇಲೆ ಬೇರೆ ಮಕ್ಕಳನ್ನೂ ಗಮನಿಸಿದರು. ಹಾಗೆ ಮಾಡುವ ಮಕ್ಕಳು ಬೇಕಾದಷ್ಟು ಸಿಕ್ಕರು.

ಮುಂದೆ ಇವರಿಬ್ಬರೂ ಮಕ್ಕಳಿಗೆ ಬೇಕೆಂದೇ ಸನ್ನೆ ಕಲಿಸಿದರೆ ಏನಾಗುತ್ತದೆ ಅಂತ ನೋಡಿದರು. 2000ದಲ್ಲಿ ಬಂದ ಅವರ ಅಧ್ಯಯನದಲ್ಲಿ 103 ಮಕ್ಕಳಿದ್ದರು. ಶುರುವಾದಾಗ ಎಲ್ಲರಿಗೂ ಹನ್ನೊಂದು ತಿಂಗಳು. ಸನ್ನೆ ಕಲಿತ ಮಕ್ಕಳು ಎರಡು ವರ್ಷದ ಹೊತ್ತಿಗೆ ಮಾತಿನಲ್ಲಿ ಸ್ವಲ್ಪ ಮುಂದಿದ್ದರು. ಮೂರು ವರ್ಷದ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ನೀವು ಓದಿದ ಬುದ್ಧಿಯ ವಿಷಯ ಬಹುಶಃ ಇನ್ನೊಂದು ಕಡೆಯದು. ಎಂಟು ವರ್ಷದ ಹೊತ್ತಿಗೆ ಸನ್ನೆ ಕಲಿತ ಮಕ್ಕಳ ಐಕ್ಯೂ 12 ಅಂಕ ಹೆಚ್ಚಿತ್ತು ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಒಂದು ಸಮ್ಮೇಳನದಲ್ಲಿ ಓದಿದ ಪ್ರಬಂಧ. ಬೇರೆ ತಜ್ಞರು ಪರಿಶೀಲಿಸಿ ಒಪ್ಪಿದ ಪತ್ರಿಕೆಯಲ್ಲಿ ಅದು ಬರಲೇ ಇಲ್ಲ. ಕ್ಲಾಸ್, ಡಿವಿಡಿ, ಕಾರ್ಡ್ ಮಾರುವವರಿಗೆ ಮಾತ್ರ ಆ 12 ಅಂಕ ಇವತ್ತಿಗೂ ಅನ್ನ ಹಾಕುತ್ತಿದೆ.

2005ರಲ್ಲಿ ಕೆನಡಾದ ಕೆಲವು ಸಂಶೋಧಕರು ಆವರೆಗೆ ಬಂದಿದ್ದ 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಜಾಲಾಡಿದರು. ಬಹುಪಾಲು ಅಧ್ಯಯನಗಳ ಕ್ರಮವೇ ಸಡಿಲ, ಲಾಭ ಇದೆ ಅನ್ನುವುದಕ್ಕೆ ಸಾಕಾಗುವುದಿಲ್ಲ ಅಂದರು. ಕೆಡುಕಾಗುತ್ತದೆ ಅನ್ನುವುದಕ್ಕೂ ಏನೂ ಸಿಗಲಿಲ್ಲ.

ನನಗೆ ಇಷ್ಟವಾದದ್ದು 2013ರ ಇಂಗ್ಲೆಂಡಿನ ಅಧ್ಯಯನ. ಎಲಿಜಬೆತ್ ಕಿರ್ಕ್ ಮತ್ತು ಜೊತೆಯವರು ಮಾಡಿದ್ದು. ನಲವತ್ತು ಮಕ್ಕಳು, ಎಂಟು ತಿಂಗಳಿಂದ ಇಪ್ಪತ್ತು ತಿಂಗಳವರೆಗೆ. ಕೆಲವರಿಗೆ ಸನ್ನೆ ಕಲಿಸಿದರು, ಕೆಲವರಿಗೆ ಇಲ್ಲ. ಒಟ್ಟಾರೆ ನೋಡಿದರೆ ಮಕ್ಕಳ ಮಾತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸನ್ನೆ ಮಾಡುತ್ತಿದ್ದ ತಾಯಂದಿರಲ್ಲಿ ಕಂಡಿತು. ಅವರು ಮಗುವಿನ ಮಾತಿಲ್ಲದ ಸೂಚನೆಗಳನ್ನು ಬೇಗ ಹಿಡಿಯುತ್ತಿದ್ದರು. ಮಗು ಏನೋ ಯೋಚಿಸುತ್ತಿದೆ, ಅದಕ್ಕೂ ಒಂದು ಮನಸ್ಸಿದೆ ಅನ್ನುವ ಹಾಗೆ ಅದರ ಜೊತೆ ನಡೆದುಕೊಳ್ಳುತ್ತಿದ್ದರು.

ನಿಮಗೆ ಸಿಗುವ ಲಾಭ ಅಂದೆನಲ್ಲ, ಅದು ಇದೇ. ಸನ್ನೆ ಕಲಿಸಬೇಕೆಂದರೆ ಮಗುವಿನ ಎದುರು ಕೂರಬೇಕು. ಅದು ನಿಮ್ಮ ಕಡೆ ನೋಡುವವರೆಗೆ ಕಾಯಬೇಕು. ನೀವು ಮಾಡಿದ ಮೇಲೆ ಅದೇನು ಮಾಡುತ್ತದೆ ಅಂತ ಕೈ ನೋಡುತ್ತಿರಬೇಕು. ಫೋನ್ ಹಿಡಿದ ಕೈಯಲ್ಲಿ ಸನ್ನೆ ಮಾಡಲು ಆಗುವುದಿಲ್ಲ, ನೋಡಿ. ತಿಂಗಳುಗಟ್ಟಲೆ ಹೀಗೆ ಮಗುವಿನ ಮುಖ, ಕೈ ನೋಡುತ್ತಾ ಕೂತ ತಾಯಿಗೆ ಮಗು ಅರ್ಥವಾಗತೊಡಗುತ್ತದೆ.

ಇನ್ನು, ಮಾತಿಗಿಂತ ಮುಂಚೆ ಕೈ ಯಾಕೆ ಓಡುತ್ತದೆ? ‘ಹಾಲು’ ಅನ್ನಬೇಕಾದರೆ ಉಸಿರು, ಗಂಟಲ ತಂತಿ, ದವಡೆ, ನಾಲಿಗೆ, ತುಟಿ ಎಲ್ಲವೂ ಒಂದೇ ತಾಳದಲ್ಲಿ ಕೆಲಸ ಮಾಡಬೇಕು. ‘ಲ’ ಅನ್ನಲು ನಾಲಿಗೆ ತುದಿ ಮೇಲೆ ಹೋಗಬೇಕು. ಮಗುವಿಗೆ ತನ್ನ ನಾಲಿಗೆ ಕಾಣುವುದಿಲ್ಲ, ನಿಮ್ಮದೂ ಸರಿಯಾಗಿ ಕಾಣುವುದಿಲ್ಲ. ಕೈ ಹಾಗಲ್ಲ. ತನ್ನ ಕೈ ಕಾಣುತ್ತದೆ, ನಿಮ್ಮ ಕೈಯೂ ಕಾಣುತ್ತದೆ. ಬೇಕಿದ್ದರೆ ನೀವು ಅದರ ಕೈ ಹಿಡಿದು ಮಾಡಿಸಬಹುದು. ನಾಲಿಗೆ ಹಿಡಿದು ಮಾಡಿಸಲು ಆಗುತ್ತದಾ? ಅರ್ಥ ಮಾಡಿಕೊಳ್ಳುವುದಂತೂ ಮಾತಿಗಿಂತ ಎಷ್ಟೋ ಮುಂದಿರುತ್ತದೆ. ಎಂಟು ಒಂಬತ್ತು ತಿಂಗಳಿಗೇ ‘ದೀಪ ಎಲ್ಲಿ?’ ಅಂದರೆ ಮೇಲೆ ನೋಡುತ್ತವೆ. ಗೊತ್ತಿರುವುದಕ್ಕೂ ಹೇಳಲಾಗುವುದಕ್ಕೂ ನಡುವಿನ ಈ ಕೆಲವು ತಿಂಗಳು ಮಗುವಿಗೆ ಬಲು ಕಷ್ಟದ ಕಾಲ. ಕಿರುಚಾಟ, ಕೂದಲು ಎಳೆಯುವುದು, ತಟ್ಟೆ ಬೀಸುವುದು ಎಲ್ಲ ಆಗಲೇ. ಒಂದೆರಡು ಸನ್ನೆ ಬಂದರೆ ಅಷ್ಟರ ಮಟ್ಟಿಗೆ ಮನೆ ತಣ್ಣಗಿರುತ್ತದೆ.

ಆದರೆ ಚಾರ್ಟಿನಲ್ಲಿರುವ ಎಲ್ಲ ಸನ್ನೆಗಳಿಗಿಂತ ದೊಡ್ಡದು ಒಂದಿದೆ. ಅದನ್ನು ಯಾರೂ ದುಡ್ಡಿಗೆ ಮಾರುವುದಿಲ್ಲ. ಬೆರಳು ಮಾಡಿ ತೋರಿಸುವುದು. ಹತ್ತು ತಿಂಗಳಿಂದ ಒಂದೂಕಾಲು ವರ್ಷದೊಳಗೆ ಹೆಚ್ಚಿನ ಮಕ್ಕಳು ತೋರುಬೆರಳು ಚಾಚುತ್ತವೆ. ಮೊದಲು ‘ಅದು ಕೊಡು’ ಅಂತ. ಆಮೇಲೆ ‘ಅಲ್ಲಿ ನೋಡು’ ಅಂತ. ಈ ಎರಡನೆಯದು ಬಂದ ದಿನ ಹಬ್ಬ ಮಾಡಬಹುದು. ಯಾಕೆಂದರೆ ಮಗುವಿಗೆ ಆಗ ಏನೂ ಬೇಕಾಗಿಲ್ಲ. ತಾನು ಕಂಡದ್ದನ್ನು ನೀವೂ ಕಾಣಬೇಕು, ಅಷ್ಟೇ. ಮಾತು ಅನ್ನುವುದು ಹುಟ್ಟುವುದೇ ಅಲ್ಲಿ.

ಶಿಕಾಗೋದಲ್ಲಿ ಸುಸಾನ್ ಗೋಲ್ಡಿನ್-ಮೆಡೋ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ಅವರೂ ಜಾನಾ ಐವರ್ಸನ್ ಅವರೂ 2005ರಲ್ಲಿ ತೋರಿಸಿದ್ದು ತುಂಬಾ ಸೊಗಸಾಗಿದೆ. ನಮ್ಮ ಮನೆಯ ಉದಾಹರಣೆ ಹೇಳುತ್ತೇನೆ. ಮಗು ಬಾಗಿಲ ಬಳಿ ಚಪ್ಪಲಿ ಕಡೆ ಬೆರಳು ಮಾಡಿ ‘ಅಪ್ಪ’ ಅನ್ನುತ್ತದೆ. ಚಪ್ಪಲಿಗೆ ಅಪ್ಪ ಅನ್ನುತ್ತಿಲ್ಲ. ‘ಅಪ್ಪನ ಚಪ್ಪಲಿ’ ಅನ್ನುತ್ತಿದೆ. ಅರ್ಧ ಬಾಯಲ್ಲಿ, ಅರ್ಧ ಬೆರಳಲ್ಲಿ. ಹೀಗೆ ಬೆರಳೂ ಪದವೂ ಬೇರೆ ಬೇರೆ ವಿಷಯ ಹೇಳತೊಡಗಿದ ಮೇಲೆಯೇ ಎರಡು ಪದ ಕೂಡಿಸಿ ಮಾತಾಡುವುದು ಬರುತ್ತದೆ. ಯಾವ ಮಗು ಇದನ್ನು ಮೊದಲು ಮಾಡಿತೋ ಅದೇ ಎರಡು ಪದಕ್ಕೂ ಮೊದಲು ಬಂತು. ಇನ್ನೊಂದು ಅಧ್ಯಯನ 2009ರದ್ದು. ಹದಿನಾಲ್ಕು ತಿಂಗಳಲ್ಲಿ ಕೈಯಿಂದ ಹೆಚ್ಚು ವಿಷಯ ಹೇಳುತ್ತಿದ್ದ ಮಕ್ಕಳಿಗೆ ನಾಲ್ಕೂವರೆ ವರ್ಷಕ್ಕೆ ಹೆಚ್ಚು ಪದ ಗೊತ್ತಿತ್ತು. ಆ ಮನೆಗಳಲ್ಲಿ ದೊಡ್ಡವರೂ ಮಗುವಿನ ಜೊತೆ ಹೆಚ್ಚು ಕೈಸನ್ನೆ ಮಾಡುತ್ತಿದ್ದರು.

ಹಾಗಾಗಿ ಅವಳು ಬೆರಳು ಮಾಡಿದಾಗ ಮೊದಲು ಅತ್ತ ನೋಡಿ. ಆಮೇಲೆ ಹೆಸರು ಹೇಳಿ. ‘ಹೂಂ, ಅಪ್ಪನ ಚಪ್ಪಲಿ. ಅಪ್ಪ ಬಂದ್ರು.’ ಪಾಠ ಇಷ್ಟೇ.

ಚಾರ್ಟಿನ ಬಗ್ಗೆ ಈಗ. ಎಲ್ಲ ಕಲಿಸಬೇಡಿ. ಮೂರೋ ನಾಲ್ಕೋ ಸಾಕು. ನಿಮಗೆ ಅನುಕೂಲವಾದದ್ದನ್ನಲ್ಲ, ಅವಳಿಗೆ ಆಸಕ್ತಿ ಇರುವುದನ್ನು ಆರಿಸಿ. ದೊಡ್ಡವರು ಆರಿಸಿದರೆ ಪಟ್ಟಿ ಹೀಗಿರುತ್ತದೆ: ದಯವಿಟ್ಟು, ಥ್ಯಾಂಕ್ಯೂ, ಸಾರಿ. ಹತ್ತು ತಿಂಗಳ ಮಗುವಿಗೆ ಇವುಗಳಿಂದ ಏನಾಗಬೇಕು? ಅದಕ್ಕೆ ಬೇಕಾದ್ದು ನಾಯಿ, ಕಾಗೆ, ಲೈಟು, ಚೆಂಡು, ಎತ್ಕೋ. ನನ್ನ ಬಳಿ ಬರುತ್ತಿದ್ದ ಒಂದು ಮಗುವಿಗೆ ಫ್ಯಾನ್ ಅಂದರೆ ಪ್ರಾಣ. ತೋರುಬೆರಳು ಮೇಲೆತ್ತಿ ಗುಂಡಗೆ ತಿರುಗಿಸುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಅದೇ ಸನ್ನೆ. ಇನ್ನೊಂದು ದಿನ ಮೇಲೆ ಹೆಲಿಕಾಪ್ಟರ್ ಹೋದಾಗ ಮತ್ತೆ ಅದೇ. ಗುರ್ ಅಂತ ತಿರುಗುವುದೆಲ್ಲ ಅದರ ಲೆಕ್ಕದಲ್ಲಿ ಒಂದೇ ಜಾತಿ. ಮಾತು ಬಂದಿರದ ಮಗು ಲೋಕವನ್ನು ಹೇಗೆ ಗುಂಪು ಹಾಕುತ್ತಿದೆ ಅನ್ನುವುದು ಆ ತಾಯಿಗೆ ಕಂಡದ್ದು ಆ ಒಂದು ಬೆರಳಿಂದ. (ನಿಮ್ಮ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಎಷ್ಟೋ ಕಡೆ ಫ್ಯಾನೇ ಇರುವುದಿಲ್ಲ, ಗೊತ್ತು. ವ್ಯಾಕ್ಯೂಮ್ ಕ್ಲೀನರ್ ಇಟ್ಟುಕೊಳ್ಳಿ.)

‘ಇನ್ನೂ ಬೇಕು’ ಅನ್ನುವ ಸನ್ನೆ ಬಗ್ಗೆ ನನ್ನ ತಕರಾರಿದೆ. ಎರಡೂ ಕೈಯ ಬೆರಳ ತುದಿ ಕೂಡಿಸಿ ಒಂದಕ್ಕೊಂದು ತಟ್ಟುವುದು. ಕಲಿಯಲು ಸುಲಭ, ನೋಡಲು ಮುದ್ದು. ಅದಕ್ಕೇ ಎಲ್ಲರೂ ಮೊದಲು ಅದನ್ನೇ ಕಲಿಸುತ್ತಾರೆ. ಆಮೇಲೆ ಏನಾಗುತ್ತದೆ ಗೊತ್ತಾ? ನೀರು ಬೇಕಾದರೂ ಅದೇ, ಬಾಗಿಲು ತೆಗೆಯಬೇಕಾದರೂ ಅದೇ, ಎತ್ತಿಕೊಳ್ಳಬೇಕಾದರೂ ಅದೇ. ಮಗು ತಟ್ಟುತ್ತಲೇ ಇರುತ್ತದೆ, ಏನು ಬೇಕು ಅಂತ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ವಸ್ತುವಿನ ಹೆಸರುಗಳನ್ನು ಮೊದಲು ಕಲಿಸಿ. ಅದರ ಜೊತೆ ‘ಸಾಕು’ ಕಲಿಸಿ. ಸಾಕು ಅನ್ನಲು ಬಂದ ಮಗು ತಟ್ಟೆ ಬೀಸುವುದನ್ನು ಕಡಿಮೆ ಮಾಡುತ್ತದೆ. ಮತ್ತೆ, ಅದು ಸಾಕು ಅಂದಾಗ ನಿಲ್ಲಿಸಬೇಕು. ‘ಇನ್ನೊಂದು ತುತ್ತು, ಕಾಗೆ ತುತ್ತು, ಗುಬ್ಬಿ ತುತ್ತು’ ಅಂತ ತುರುಕಿದರೆ ಆ ಸನ್ನೆಗೆ ಬೆಲೆ ಇಲ್ಲ ಅಂತ ಅದೂ ಕಲಿತುಬಿಡುತ್ತದೆ. ಇದನ್ನು ಅಮ್ಮನಿಗೆ ಮೆತ್ತಗೆ ಹೇಳಿ.

ಇನ್ನೊಂದು ತಮಾಷೆ. ಅಮೆರಿಕದ ‘ಹಾಲು’ ಸನ್ನೆ ಅಂದರೆ ಹಸುವಿನ ಕೆಚ್ಚಲು ಹಿಂಡಿದ ಹಾಗೆ ಮುಷ್ಟಿ ಬಿಗಿದು ಬಿಡುವುದು. ಹತ್ತು ತಿಂಗಳ ಮಕ್ಕಳು ಟಾಟಾ ಮಾಡುವುದು ಹೇಗೆ? ಕೈ ಆಡಿಸಲು ಬರುವುದಿಲ್ಲ, ಮುಷ್ಟಿ ತೆರೆದು ಮುಚ್ಚುತ್ತವೆ. ಎರಡೂ ಒಂದೇ! ಮಗು ಹಾಲು ಕೇಳುತ್ತಿರುತ್ತದೆ, ಅಜ್ಜಿ ‘ಅಯ್ಯೋ ಟಾಟಾ ಮಾಡ್ತಾಳೆ ಬಂಗಾರ’ ಅಂತ ತಿರುಗಿ ಟಾಟಾ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಇದು ಆಗಲೇ ನಡೆದಿದ್ದರೆ ಆಶ್ಚರ್ಯ ಇಲ್ಲ. ಡೇಕೇರ್‌ನಲ್ಲಿ ಯಾವ ಸನ್ನೆ ಯಾವುದಕ್ಕೆ ಅಂತ ಅಮ್ಮನಿಗೂ ತೋರಿಸಿಡಿ.

ಮಾಡುವ ಕ್ರಮದಲ್ಲಿ ಹೆಚ್ಚಿನದೇನಿಲ್ಲ. ಸನ್ನೆ ಮಾಡುವಾಗ ಬಾಯಲ್ಲಿ ಪದ ಹೇಳಲೇಬೇಕು, ಪ್ರತಿ ಸಲವೂ. ಸನ್ನೆ ಮಾತಿನ ಜೊತೆಗಿರಬೇಕು, ಮಾತಿನ ಬದಲಿಗಲ್ಲ. ವಸ್ತು ಎದುರಿರುವಾಗಲೇ ಮಾಡಿ. ಮಗುವಿನ ಸನ್ನೆ ಸೊಟ್ಟಗಿರುತ್ತದೆ, ಇರಲಿ. ನಾವು ‘ಅಣ್ಣ’ ಅನ್ನುವುದನ್ನು ಅದು ‘ಅನ್ನ’ ಅಂದರೆ ಒಪ್ಪಿಕೊಳ್ಳುವುದಿಲ್ಲವೇ, ಹಾಗೆ. ವಾರಗಟ್ಟಲೆ ಏನೂ ತಿರುಗಿ ಬರದಿದ್ದರೂ ಬೇಜಾರು ಬೇಡ. ‘ಸನ್ನೆ ಮಾಡು, ಆಮೇಲೆ ಹಾಲು ಕೊಡ್ತೀನಿ’ ಅಂತ ಮಾತ್ರ ಎಂದೂ ಮಾಡಬೇಡಿ. ಹಸಿದ ಮಗುವಿಗೆ ಪರೀಕ್ಷೆ ಇಡಬಾರದು. ಪದ ಬಾಯಲ್ಲಿ ಬಂದ ದಿನ ಸನ್ನೆ ತಾನಾಗಿ ಉದುರುತ್ತದೆ, ನೀವು ಬಿಡಿಸಬೇಕಾಗಿಲ್ಲ.

ಭಾಷೆಯ ಗೊಂದಲದ ಪ್ರಶ್ನೆ. ಎರಡು ಭಾಷೆಯಿಂದ ಮಗುವಿನ ಮಾತು ಕೆಡುವುದಿಲ್ಲ. ಮಂಗಳೂರಿನ ಮನೆಗಳಲ್ಲಿ ತುಳು, ಕೊಂಕಣಿ, ಕನ್ನಡ ಮೂರೂ ಒಂದೇ ಜಗಲಿಯಲ್ಲಿ ಕೂತು ಬೆಳೆದ ಮಕ್ಕಳಿದ್ದಾರೆ. ಸನ್ನೆ ಇಲ್ಲಿ ಒಂದು ಸಣ್ಣ ಉಪಕಾರ ಮಾಡಬಲ್ಲದು. ಡೇಕೇರ್‌ನಲ್ಲಿ ‘ಮಿಲ್ಕ್’ ಅಂತ ಮಾಡಿದ ಸನ್ನೆಯನ್ನೇ ನೀವು ‘ಹಾಲು’ ಅಂತ ಮಾಡಿ. ಕೈ ಒಂದೇ, ಹೆಸರು ಎರಡು. ಮನೆಯಲ್ಲಿ ಸನ್ನೆ ಜೊತೆ ಇಂಗ್ಲಿಷ್ ಪದ ಸೇರಿಸಬೇಡಿ. ಚಾರ್ಟಿನಲ್ಲಿ ಇಂಗ್ಲಿಷ್ ಇದೆ ಅಂತ ‘ಮೋರ್ ಬೇಕಾ ಚಿನ್ನಾ, ಆಲ್ ಡನ್ನಾ’ ಅಂತ ಶುರುವಾಗಿಬಿಡುತ್ತದೆ. ಕನ್ನಡ ಜಾರುವುದು ಸನ್ನೆಯಿಂದಲ್ಲ, ಇಂಥ ಸಣ್ಣ ಸಣ್ಣ ಕಡೆಗಳಿಂದ. ಕೆಲವು ಸನ್ನೆಗಳು ನಮ್ಮ ಮನೆಗೆ ಹೊಂದುವುದೂ ಇಲ್ಲ. ಅವರ ‘ನೀರು’ ಸನ್ನೆ ಮೂರು ಬೆರಳೆತ್ತಿ ಗದ್ದಕ್ಕೆ ತಾಗಿಸುವುದು. ಆ ಮೂರು ಬೆರಳು ಇಂಗ್ಲಿಷಿನ ‘ವಾಟರ್’ ಪದದ ಮೊದಲ ಅಕ್ಷರ. ಕನ್ನಡದ ಮಗುವಿಗೆ ಅದರಲ್ಲಿ ನೀರು ಎಲ್ಲಿ ಕಾಣಬೇಕು? ಹೆಬ್ಬೆರಳು ಬಾಯಿಗೆ ತೋರಿಸಿ, ನಮ್ಮವರು ಬಸ್‌ಸ್ಟ್ಯಾಂಡಲ್ಲೂ ಹಾಗೇ ಅಲ್ವಾ ನೀರು ಕೇಳುವುದು? ‘ತಿನ್ನು’ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಬೆರಳು ಕೂಡಿಸಿ ಬಾಯಿಗೆ. ತುತ್ತು ಕಲಸಿ ತಿನ್ನುವ ನಮಗೆ ಅದು ಸನ್ನೆಯೂ ಅಲ್ಲ, ಊಟವೇ.

ಅಮ್ಮ ಬಳಸಿದ ‘ಮೂಗರ ಸನ್ನೆ’ ಎಂಬ ಮಾತಿನ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅವರ ಮೇಲೆ ಸಿಟ್ಟಿಲ್ಲ, ಅವರ ಕಾಲದ ಮಾತು ಅದು. ಆದರೆ ಕಿವಿ ಕೇಳದವರ ಸಂಜ್ಞಾ ಭಾಷೆ ಅಂದರೆ ಮಾತು ಬಾರದವರ ಕೈಯಾಟ ಅಲ್ಲ. ಅದು ವ್ಯಾಕರಣ ಇರುವ ಪೂರ್ತಿ ಭಾಷೆ. 1960ರಲ್ಲೇ ವಿಲಿಯಂ ಸ್ಟೋಕಿ ಎಂಬ ಭಾಷಾಶಾಸ್ತ್ರಜ್ಞರು ಅಮೆರಿಕದ ಸಂಜ್ಞಾ ಭಾಷೆಯ ಬಗ್ಗೆ ಇದನ್ನು ತೋರಿಸಿಕೊಟ್ಟರು. ಭಾರತದ್ದು ಬೇರೆಯೇ ಭಾಷೆ. ಅಮೆರಿಕದವರು ಅಕ್ಷರಗಳನ್ನು ಒಂದು ಕೈಯಲ್ಲಿ ತೋರಿಸಿದರೆ ನಮ್ಮಲ್ಲಿ ಎರಡು ಕೈ ಬೇಕು. ದೆಹಲಿಯಲ್ಲಿ 2015ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು, 2021ರ ಹೊತ್ತಿಗೆ ಅದರ ನಿಘಂಟು 10,000 ಪದ ತಲುಪಿತು. ನಿಮ್ಮ ಡೇಕೇರ್ ಚಾರ್ಟಿನಲ್ಲಿರುವುದು ಆ ಬಗೆಯ ಭಾಷೆಯಿಂದ ಎತ್ತಿಕೊಂಡ ಎಂಟು ಹತ್ತು ಪದ. ನಾಲ್ಕು ಪದ ಕಲಿತ ಪ್ರವಾಸಿ ಕನ್ನಡ ಮಾತಾಡಿದ ಹಾಗೆ.

ನನಗೆ ಸಂಕಟ ಆಗುವುದು ಬೇರೆ ವಿಷಯಕ್ಕೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಮ್ಮೇಳನ ಸೇರಿ, ಸಂಜ್ಞೆ ಬೇಡ, ಬಾಯಿಮಾತೇ ಆಗಬೇಕು ಅಂತ ನಿರ್ಣಯ ಮಾಡಿದರು. ಅದರ ನಂತರ ನೂರು ವರ್ಷ ದೇಶ ದೇಶಗಳ ಶಾಲೆಗಳಲ್ಲಿ ಆ ಮಕ್ಕಳು ಕೈ ಆಡಿಸಿದರೆ ಪೆಟ್ಟು ತಿಂದರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅಂಥದೇ ಸಮ್ಮೇಳನ ಆ ನಿರ್ಣಯವನ್ನು ತಳ್ಳಿಹಾಕಿತು. ಅಷ್ಟರೊಳಗೆ ಕಿವಿ ಕೇಳುವ ಮಕ್ಕಳಿಗೆ ಅದೇ ಸಂಜ್ಞೆಗಳನ್ನು ದುಡ್ಡು ತೆಗೆದುಕೊಂಡು ಕಲಿಸುವ ಕ್ಲಾಸುಗಳು ಬಂದಾಗಿತ್ತು. ಇವತ್ತಿಗೂ ನನ್ನ ಎದುರು ಕೂತ ತಂದೆ ತಾಯಿ, ಕಿವಿ ಕೇಳದ ತಮ್ಮ ಮಗುವಿಗೆ ‘ಸನ್ನೆ ಮಾತ್ರ ಬೇಡ ಮೇಡಂ, ಆಮೇಲೆ ಮಾತೇ ಆಡಲ್ಲ’ ಅನ್ನುತ್ತಾರೆ. ಶ್ರವಣ ಸಾಧನ ಹಾಕಿಸಲಿ, ಒಳಕಿವಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಲಿ, ಅದು ಕೆಲಸ ಶುರು ಮಾಡುವವರೆಗೆ ಮಗು ಭಾಷೆಯೇ ಇಲ್ಲದೆ ಇರಬೇಕಾ? ಸನ್ನೆ ನಿಜಕ್ಕೂ ಬದುಕು ಬದಲಿಸುವುದು ಇಂಥ ಮಕ್ಕಳಿಗೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇದ್ದು ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಮಕ್ಕಳಿಗೂ ಹಾಗೇ, ಅವರಿಗೆ ಅರ್ಥವಾಗುವುದು ಹೆಚ್ಚು, ಬಾಯಿಂದ ಬರುವುದು ಕಡಿಮೆ.

ಮಾತು ತಡವಾಗುವ ವಿಷಯದಲ್ಲಿ ಹೆದರಬೇಕಾದ್ದು ಬೇರೆ ಕಡೆ ಇದೆ, ಅದನ್ನು ಹೇಳಿಬಿಡುತ್ತೇನೆ. ಊರಲ್ಲಿ ಓದುವವರಿಗೂ ಇದು ಬೇಕು. ಹಿಂದಿನಿಂದ ಕರೆದರೆ, ಸದ್ದಾದರೆ ಮಗು ತಿರುಗುತ್ತಾ? ವರ್ಷ ತುಂಬುವುದರೊಳಗೆ ಬಬಬ, ದದದ, ಮಮಮ ಅನ್ನುತ್ತಾ? ವರ್ಷಕ್ಕೆ ಟಾಟಾ, ಕೈಮುಗಿಯುವುದು ಇದೆಯಾ? ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸುತ್ತಾ, ಮೂರು ಪದವಾದರೂ ಬಂದಿದೆಯಾ? ಎರಡು ವರ್ಷಕ್ಕೆ ‘ಅಮ್ಮ ಬಾ’ ಅನ್ನುವಂತೆ ಎರಡು ಪದ ಕೂಡಿಸುತ್ತಾ? ಇಲ್ಲವೆಂದರೆ ಕಾಯಬೇಡಿ. ಬಂದ ಮಾತು ಹಿಂದೆ ಹೋದರೆ ಯಾವ ವಯಸ್ಸಾದರೂ ತಕ್ಷಣ ತೋರಿಸಿ. ‘ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅನ್ನುವ ವಾಕ್ಯ ಎಷ್ಟು ಮಕ್ಕಳ ಎಷ್ಟು ವರ್ಷ ತಿಂದಿದೆಯೋ.

ನಿಮ್ಮ ಮಗಳಿಗೆ ಹುಟ್ಟಿದ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಆಗಿರುತ್ತದೆ, ಅಮೆರಿಕದಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಮಾಡುತ್ತಾರೆ. ಫಲಿತಾಂಶ ಒಮ್ಮೆ ನೋಡಿಟ್ಟುಕೊಳ್ಳಿ. ಆಗ ಪಾಸಾದರೂ ಆಮೇಲೆ ಮಂದವಾಗಬಹುದು, ಹಾಗಾಗಿ ಅನುಮಾನ ಬಂದರೆ ಮತ್ತೆ ಮಾಡಿಸಿ. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ವ್ಯವಸ್ಥೆಯೇ ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅರ್ಲಿ ಸ್ಟಾರ್ಟ್ ಅನ್ನುತ್ತಾರೆ. ನೀವೇ ಫೋನ್ ಮಾಡಿ ಕೇಳಬಹುದು. ನಮ್ಮಲ್ಲಿ ಈ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿ ಇನ್ನೂ ಆಗುವುದಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು: ಈ ಲೆಕ್ಕ ನೆನಪಿಡಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೂರದ ಜಿಲ್ಲೆಗಳಿಂದಲೂ ಜನ ಬರುತ್ತಾರೆ.

ಅಮ್ಮ ಊರಿಂದ ಬಜೆ ತಂದಿದ್ದಾರಾ? ನಾಲಿಗೆ ಹೊರಳಲಿ ಅಂತ ಬಜೆ ತೇಯ್ದು ಜೇನಲ್ಲಿ ನೆಕ್ಕಿಸುವುದು ನಮ್ಮ ಕಡೆ ಮಾಮೂಲು. ಜೇನುತುಪ್ಪ ಒಂದು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಹೊಟ್ಟೆಯಲ್ಲಿ ವಿಷ ಮಾಡಬಲ್ಲದು. ಬಜೆಯಿಂದ ಮಾತು ಬರುವುದಿಲ್ಲ. ಇದರಲ್ಲಿ ಮಾತ್ರ ಅಮ್ಮನ ಮಾತು ಕೇಳಬೇಡಿ, ಜಗಳವಾದರೂ ಪರವಾಗಿಲ್ಲ.

ಉಳಿದದ್ದರಲ್ಲಿ ನಿಮ್ಮ ಮಗಳಿಗೆ ಸಿಕ್ಕ ಅತಿ ಒಳ್ಳೆಯ ಸನ್ನೆ ಟೀಚರ್ ಅವರೇ. ಚಾರ್ಟನ್ನು ಅವರಿಗೆ ಒಪ್ಪಿಸಲು ಹೋಗಬೇಡಿ. ಬದಲಿಗೆ, ನೀವು ಸಣ್ಣವರಿದ್ದಾಗ ಏನೇನು ಆಡಿಸುತ್ತಿದ್ದರು ಅಂತ ಕೇಳಿ. ಅದರಲ್ಲಿ ನಾಲ್ಕು ಆರಿಸಿ ಡೇಕೇರ್‌ನವರಿಗೆ ಬರೆದು ಕೊಡಿ. ಅವರೂ ‘ಖಾಲೀ’ ಕಲಿಯಲಿ.

ಅಮ್ಮ ವಾಪಸು ಹೋದ ಮೇಲೂ ಇದು ನಿಲ್ಲಬೇಕಾಗಿಲ್ಲ. ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಅನ್ನುವ ಅಮೆರಿಕದ ಮಕ್ಕಳ ವೈದ್ಯರೂ ವಿಡಿಯೋ ಕಾಲ್‌ಗೆ ಒಪ್ಪುತ್ತಾರೆ. ಮಾತು ಇನ್ನೂ ಬರದ ಮೊಮ್ಮಗಳ ಜೊತೆ ಫೋನಿನಲ್ಲಿ ಏನು ಮಾತಾಡುವುದು ಅಂತ ಅಜ್ಜಿಯರು ಒದ್ದಾಡುತ್ತಾರೆ. ಇವರಿಬ್ಬರಿಗೆ ಆ ತೊಂದರೆ ಇರುವುದಿಲ್ಲ. ಈಗಲೇ ಅಮ್ಮನಿಗೆ ಹೇಳಿ ‘ಕಾಗೆ’ಗೆ ಒಂದು ಸನ್ನೆ ಹುಟ್ಟಿಸಿಕೊಳ್ಳಿ, ಎರಡು ಕೈ ಬಡಿದು ‘ಕಾ ಕಾ’ ಅಂದರೂ ಆಯಿತು. ಬೇಸಿಗೆಯಲ್ಲಿ ನಿಮಗೆ ಸಂಜೆ ಆರೂವರೆ ಅಂದರೆ ದಾವಣಗೆರೆಯಲ್ಲಿ ಬೆಳಿಗ್ಗೆ ಏಳು. ಅಮ್ಮ ತಾರಸಿಗೆ ಹೋಗಿ ಫೋನ್ ತಿರುಗಿಸಿದರೆ ಸಾಕು, ಆ ಹೊತ್ತಿಗೆ ಅಲ್ಲಿ ಕಾಗೆಗೇನು ಬರವಿಲ್ಲ.